ತೊರೆಯಲ್ಲಿ ಕಾಡಿನ ಆಯವ್ಯಯ

ಅಮೆರಿಕದ ನ್ಯೂ ಹ್ಯಾಂಪ್‌ಶೈರ್ ರಾಜ್ಯದ ಹಬಾರ್ಡ್ ಬ್ರೂಕ್ ಕಾಡಿನಲ್ಲಿ 1963ರಿಂದ ಜೀನ್ ಲೈಕನ್ಸ್, ಹರ್ಬರ್ಟ್ ಬೋರ್ಮನ್ ಮತ್ತು ಸಂಗಡಿಗರು ಕೈಗೊಂಡ ಅಧ್ಯಯನದ ಸೊಗಸು ಅದರ ವಿಧಾನದ ಸರಳತೆಯಲ್ಲಿದೆ. ಒಂದು ತೊರೆಗೆ ನೀರು ಹರಿದುಬರುವ ಇಡೀ ನೆಲಕ್ಕೆ ಜಲಾನಯನವೆಂದು ಹೆಸರು. ಇಲ್ಲಿಯ ತಳಬಂಡೆ ನೀರನ್ನು ಬಹುಮಟ್ಟಿಗೆ ಇಂಗಗೊಡದ ಕಾರಣ, ಮಳೆ ಹಿಮಗಳೊಡನೆ ಬಂದ ಲವಣಗಳನ್ನೂ ‘ವಿ’ ಆಕಾರದ ಕಿಂಡಿಯ ಅಡ್ಡಗಟ್ಟೆ ದಾಟಿ ಹೋಗುವ ಲವಣಗಳನ್ನೂ ಅಳೆದರೆ ಕಾಡಿನ ಆಯವ್ಯಯವೇ ಕೈಗೆ ಸಿಗುತ್ತದೆ. 1965ರ ಕೊನೆಯಲ್ಲಿ ಅವರು ಒಂದು ಜಲಾನಯನದ ಮರಗಳನ್ನೆಲ್ಲ ಕಡಿಸಿ, ಒಂದು ದಿಮ್ಮಿಯನ್ನೂ ಹೊರಗೆ ಸಾಗಿಸದೆ, ಸಸ್ಯನಾಶಕದಿಂದ ಮರುಚಿಗುರನ್ನು ಮೂರು ಬೇಸಿಗೆ ತಡೆದು, ಕಡಿಯದ ನೆರೆಯ ಜಲಾನಯನದೊಡನೆ ಹೋಲಿಸಿ ನೋಡಿದರು. ಪ್ರಯೋಗ ಕಠೋರವಾದದ್ದು, ನಿಜ. ಆದರೆ ಅಷ್ಟು ಸ್ಪಷ್ಟವಾದ ಉತ್ತರ ಬೇರೆ ದಾರಿಯಲ್ಲಿ ದೊರೆಯುತ್ತಿರಲಿಲ್ಲ. ಮೊದಲ ವರ್ಷವೇ ತೊರೆಯ ಹರಿವು ಸುಮಾರು ಶೇ. 40ರಷ್ಟು ಹೆಚ್ಚಿತು, ಹೀರಿಕೊಳ್ಳುವ ಬೇರುಗಳಿಲ್ಲದೆ ಮಣ್ಣಿನಲ್ಲುಳಿದ ಸಾರಜನಕವನ್ನು ಬ್ಯಾಕ್ಟೀರಿಯಾಗಳು ನೈಟ್ರೇಟ್ ಆಗಿಸಿ, ಆ ಕ್ರಿಯೆಯಲ್ಲಿ ಹುಟ್ಟಿದ ಆಮ್ಲವು ಕ್ಯಾಲ್ಸಿಯಂ, ಪೊಟ್ಯಾಸಿಯಂಗಳನ್ನು ಮಣ್ಣಿನಿಂದ ಬಿಡಿಸಿದ್ದರಿಂದ, ನೆಲದ ಸಾರವೆಲ್ಲ ಸೋರತೊಡಗಿ, ತೊರೆಯ ನೈಟ್ರೇಟ್ ಕುಡಿಯುವ ನೀರಿನ ಮಿತಿಯನ್ನೂ ಮೀರಿತು. ವಾರವಾರವೂ ತಪ್ಪದೆ ಸಂಗ್ರಹಿಸಿದ ಮಳೆನೀರಿನ ಮಾದರಿಗಳೇ ಉತ್ತರ ಅಮೆರಿಕದಲ್ಲಿ ಆಮ್ಲಮಳೆ ಬೀಳುತ್ತಿರುವುದನ್ನೂ ತೋರಿಸಿಕೊಟ್ಟವು.