ಕವಿಶಿಕ್ಷೆಯೂ ನೂತನ ಕಥಾಲೇಖಕನೂ

ಕಥೆ ಬರೆಯಲು ತೊಡಗಿದ ತರುಣನೊಬ್ಬನು ತನ್ನ ಕೈಬರಹವನ್ನು ತಂದು ಅಧ್ಯಾಪಕರ ಮುಂದಿಡುವುದು ವಿದ್ಯಾಶಾಲೆಗಳಲ್ಲಿ ಅಪೂರ್ವವಾದ ಸಂಗತಿಯಲ್ಲ. ಆಗ ಅವನಿಗೆ ದೊರೆಯುವ ಉತ್ತರವು ಬಹುಮಟ್ಟಿಗೆ ಎರಡೇ ಬಗೆಯದು. ಬರೆದುದು ಚೆನ್ನಾಗಿದೆಯೆಂಬ ಉಪಚಾರದ ಮಾತು ಒಂದು. ಕವಿತ್ವವು ಹುಟ್ಟಿನಿಂದ ಬರತಕ್ಕದ್ದು, ನಿನ್ನಲ್ಲಿ ಅದು ಕಾಣಲಿಲ್ಲವೆಂಬ ತೀರ್ಪು ಮತ್ತೊಂದು. ಮೊದಲನೆಯದರಿಂದ ಅವನಿಗೆ ಲಾಭವಿಲ್ಲ. ಎರಡನೆಯದರಿಂದ ಅವನ ಲೇಖನಿಯೇ ನಿಂತುಹೋಗಬಹುದು. ಈ ತೀರ್ಪಿಗೆ ಆಧಾರವಾಗಿ ಸಂಸ್ಕೃತ ಆಲಂಕಾರಿಕರ ಪ್ರತಿಭಾವಾದವನ್ನು ಮುಂದಿಡುವ ವಾಡಿಕೆಯೂ ಉಂಟು. ಆಲಂಕಾರಿಕರ ಅಭಿಪ್ರಾಯವು ನಿಜವಾಗಿಯೂ ಹೀಗಿದೆಯೆ, ಕವಿಶಿಕ್ಷಾಗ್ರಂಥಗಳು ಹೊಸಬನಿಗೆ ಹೇಳುವುದೇನು, ಅದರಲ್ಲಿ ಇಂದಿನ ಕಥಾಲೇಖಕನಿಗೆ ಗ್ರಾಹ್ಯವಾದುದೆಷ್ಟು, ತ್ಯಾಜ್ಯವಾದುದೆಷ್ಟು ಎಂಬುದು ಇಲ್ಲಿ ವಿಚಾರಾರ್ಹವಾದ ವಿಷಯ.

ಪದ್ಯಕ್ಕಾಗಿ ಹುಟ್ಟಿದ ಶಾಸ್ತ್ರವನ್ನು ಗದ್ಯಕಥೆಗೆ ಅನ್ವಯಿಸುವುದು ಸಲ್ಲದೆಂಬ ಆಕ್ಷೇಪವು ಮೊದಲೇ ಏಳಬಹುದು. ಅದಕ್ಕೆ ಸಮಾಧಾನವು ಸುಲಭ. ದಂಡಿಯು ಕಾವ್ಯವನ್ನು ಗದ್ಯ, ಪದ್ಯ, ಮಿಶ್ರ ಎಂದು ಮೂರಾಗಿ ವಿಂಗಡಿಸಿ ಮೂರಕ್ಕೂ ಸಮಾನವಾದ ಸ್ಥಾನವನ್ನು ಕೊಟ್ಟಿದ್ದಾನೆ; ಕಥೆಯೂ ಆಖ್ಯಾಯಿಕೆಯೂ ಒಂದೇ ಜಾತಿಯ ಎರಡು ಹೆಸರುಗಳೆಂದೂ ಹೇಳಿದ್ದಾನೆ. ಇದಲ್ಲದೆ, ಕನ್ನಡಿಗರೂ ಮಹಾರಾಷ್ಟ್ರರೂ ಈ ಹೊಸ ಪ್ರಬಂಧಜಾತಿಗೆ ಹೆಸರಿಡುವಾಗ ಬಾಣಭಟ್ಟನ ‘ಕಾದಂಬರಿ’ಯ ಹೆಸರನ್ನೇ ಇಟ್ಟರು. ವಸ್ತುವು ಹೊರದೇಶದಿಂದ ಬಂದಿದ್ದರೂ ಹೆಸರಿನ ಮೂಲಕ ಅದು ಈ ಸಂಪ್ರದಾಯದ ಮನೆಯನ್ನು ಹೊಕ್ಕಿದೆ. ಆದುದರಿಂದ ಮನೆಯ ಹಿರಿಯರು ಹೇಳಿದ ಬುದ್ಧಿವಾದವನ್ನು ಕೇಳುವ ಅಧಿಕಾರವೂ ಅದಕ್ಕೆ ಉಂಟು.

೧. ಪ್ರತಿಭೆಯ ವಿಚಾರ

ಕಾವ್ಯಹೇತುವಿನ ವಿಷಯದಲ್ಲಿ ಆಲಂಕಾರಿಕರಲ್ಲಿ ಮತಭೇದವಿದೆ. ಮಮ್ಮಟನು ಶಕ್ತಿ, ಲೋಕಶಾಸ್ತ್ರಕಾವ್ಯಗಳ ಅವಲೋಕನದಿಂದ ಬಂದ ನಿಪುಣತೆ, ಕಾವ್ಯಜ್ಞರ ಶಿಕ್ಷೆಯಿಂದಾದ ಅಭ್ಯಾಸ ಎಂಬ ಮೂರೂ ಕೂಡಿ ಒಂದೇ ಹೇತುವೆಂದು ನಿರ್ಣಯಿಸಿದನು. ಅವನ ಮತದಲ್ಲಿ ಈ ಮೂರರಲ್ಲಿ ಒಂದನ್ನು ಬಿಡಿಸಿ ಉಳಿದೆರಡಕ್ಕೆ ಬೆಲೆ ಕಟ್ಟುವಂತಿಲ್ಲ. ಅವನಿಗಿಂತ ಹಿಂದಿನ ದಂಡಿಯು ಇನ್ನೂ ಉದಾರಿ. ಪೂರ್ವವಾಸನೆಯಿಂದ ಬರುವ ಅದ್ಭುತವಾದ ಪ್ರತಿಭೆಯು ಇಲ್ಲದಿದ್ದರೂ, ಶ್ರುತದಿಂದಲೂ ಯತ್ನದಿಂದಲೂ ಉಪಾಸಿತಳಾದ ವಾಗ್ದೇವಿಯು ಏನಾದರೊಂದು ಅನುಗ್ರಹವನ್ನು ಮಾಡಿಯೇ ಮಾಡುವಳೆಂದು ಅವನ ಭರವಸೆ.

ಪ್ರತಿಭೆಯೊಂದೇ ಹೇತುವೆಂದು ಸ್ಪಷ್ಟವಾಗಿ ವಾದಿಸಿದವನು ರಾಜಶೇಖರ. ಕನೌಜಿನ ಪ್ರತೀಹಾರ ದೊರೆಗಳ ಆಸ್ಥಾನದಲ್ಲಿ ಒಂಬತ್ತನೆಯ ಶತಮಾನದ ಕೊನೆಗೂ ಹತ್ತನೆಯದರ ಆದಿಗೂ ಇದ್ದ ಈ ಕವಿಯ ‘ಕಾವ್ಯಮೀಮಾಂಸೆ’ಯು ಬಡೋದೆಯ ಗಾಯಕವಾಡ ಪ್ರಾಚ್ಯಗ್ರಂಥಮಾಲೆಯ ಮೊದಲನೆಯ ಸಂಪುಟವಾಗಿ ೧೯೧೬ರಲ್ಲಿ ಅಚ್ಚಾಯಿತು. ಹದಿನೆಂಟು ಅಧಿಕರಣಗಳ ಮಹಾಗ್ರಂಥವಾಗಿ ಸಂಕಲ್ಪಿತವಾಗಿದ್ದ ಇದರಲ್ಲಿ ‘ಕವಿರಹಸ್ಯ’ವೆಂಬ ಮೊದಲನೆಯ ಅಧಿಕರಣವು ಮಾತ್ರ ದೊರೆತಿದೆ. ಸಮಾಧಿಯೇ ಮುಖ್ಯವೆಂದು ಶ್ಯಾಮದೇವನೂ, ಅಭ್ಯಾಸವೇ ಮುಖ್ಯವೆಂದು ಮಂಗಲನೂ ಹೇಳಿದುದನ್ನು ಎತ್ತಿಕೊಂಡು, ಈ ಎರಡೂ ಶಕ್ತಿಯನ್ನು ಬೆಳಗಿಸತಕ್ಕವು, ಹೇತುವಾದರೋ ಶಕ್ತಿಯೊಂದೇ ಎಂದು ರಾಜಶೇಖರನು ಸಿದ್ಧಾಂತ ಮಾಡುತ್ತಾನೆ. ಕವಿಗೆ ಬೇಕಾದ ಹಲಗೆ, ಬಳಪ, ಲೇಖನಿ, ಮಸಿ, ತಾಳೆಗರಿ, ಭೂರ್ಜಪತ್ರಗಳನ್ನೆಲ್ಲ ಎಣಿಸಿ, ಇವು ಕಾವ್ಯವಿದ್ಯೆಯ ಪರಿಕರವೆಂದು ಆಚಾರ್ಯರ ಮತ, ಪ್ರತಿಭೆಯೇ ಪರಿಕರವೆಂದು ತನ್ನ ಮತ ಎಂದು ಹೇಳುವಷ್ಟರಮಟ್ಟಿಗೆ ಅವನು ಪ್ರತಿಭಾಪಕ್ಷಪಾತಿ.

ಇಂಥವನೇ ಹತ್ತನೆಯ ಅಧ್ಯಾಯದಲ್ಲಿ ಕವಿಯ ದಿನಚರಿಯನ್ನು ಜಾವಜಾವಕ್ಕೂ ವಿಧಿಸಿದ್ದಾನೆ. ಪ್ರತಿಭೆಯೊಂದೇ ಸಾಕಾಗಿದ್ದರೆ ಈ ವಿಧಿಗಳೇತಕ್ಕೆ ಎಂದು ಕೇಳಬಹುದು. ವಿರೋಧವು ತೋರಿಕೆಯದು ಮಾತ್ರ. ಅವನ ಮಾತಿನಲ್ಲಿಯೇ ಪರಿಹಾರವಿದೆ: ಶಕ್ತಿಯನ್ನು ‘ಬೆಳಗಿಸುವುದು’ ಅಭ್ಯಾಸ. ಬೆಳಗದೆ ಇರುವುದು ಕಣ್ಣಿಗೆ ಕಾಣಿಸದು. ಅರಣಿಯಲ್ಲಿ ಬೆಂಕಿ ಇದೆಯೋ ಇಲ್ಲವೋ ಎಂಬುದನ್ನು ಕಡೆದು ನೋಡದೆ ಹೇಳಲಾಗದು. ಕಡೆಯುವುದಕ್ಕೆ ಮುಂಚೆಯೇ ಬೆಂಕಿಯಿಲ್ಲವೆನ್ನುವವನು ಯಾಜ್ಞಿಕನಾಗಲಾರನು. ಪ್ರತಿಭೆಯು ಕಾವ್ಯಕ್ಕೆ ಕಾರಣವೆಂಬುದು ಒಂದು ಮಾತು. ಈ ಹುಡುಗನಲ್ಲಿ ಪ್ರತಿಭೆಯಿಲ್ಲವೆಂಬುದು ಬೇರೊಂದು ಮಾತು. ಮೊದಲನೆಯದಕ್ಕೆ ಶಾಸ್ತ್ರವು ಪ್ರಮಾಣ. ಎರಡನೆಯದಕ್ಕೆ ಅದರಲ್ಲಿ ಪ್ರಮಾಣವಿಲ್ಲ.

ಅಸಾಧ್ಯಶಿಷ್ಯರ ಲಕ್ಷಣವನ್ನು ಹೇಳಿದವನು ಕಾಶ್ಮೀರದ ಕ್ಷೇಮೇಂದ್ರ. ಹನ್ನೊಂದನೆಯ ಶತಮಾನದ ಅವನ ‘ಕವಿಕಂಠಾಭರಣ’ವು ಕವಿಯಲ್ಲದವನಿಗೆ ಕವಿತ್ವವು ಲಭಿಸುವ ಬಗೆಯಿಂದಲೇ ಆರಂಭವಾಗುತ್ತದೆ. ಅಲ್ಪಪ್ರಯತ್ನದಿಂದ ಸಿದ್ಧಿಸತಕ್ಕವನು, ಕಷ್ಟದಿಂದ ಸಿದ್ಧಿಸತಕ್ಕವನು, ಅಸಾಧ್ಯನು ಎಂದು ಶಿಷ್ಯರು ಮೂವರು. ಅಸಾಧ್ಯರಲ್ಲಿ ಸ್ವಭಾವದಿಂದಲೇ ಕಲ್ಲಿನಂತಿರುವವನೊಡನೆ ವ್ಯಾಕರಣದ ಕ್ಲೇಶದಿಂದ ಬುದ್ಧಿ ನಷ್ಟವಾದವನನ್ನೂ ತರ್ಕಾಗ್ನಿಯಿಂದ ಸುಟ್ಟವನನ್ನೂ ಅವನು ಎಣಿಸುತ್ತಾನೆ. ಸುಲಭಸಾಧ್ಯನಾದ ಶಿಷ್ಯನು ಬರಿಯ ತಾರ್ಕಿಕನನ್ನಾಗಲಿ ಬರಿಯ ಶಾಬ್ದಿಕನನ್ನಾಗಲಿ ಗುರುವನ್ನಾಗಿ ಮಾಡಿಕೊಳ್ಳಬಾರದೆಂದೂ ಎಚ್ಚರಿಸುತ್ತಾನೆ. ಅಸಾಧ್ಯತ್ವದ ಪ್ರಶ್ನೆಯನ್ನು ಶಿಷ್ಯನ ಮೇಲೆ ಹೊರಿಸುವ ಪಂಡಿತನು ಅದೇ ಲಕ್ಷಣವಾಕ್ಯದಲ್ಲಿ ತನ್ನ ಮುಖವನ್ನೂ ಒಮ್ಮೆ ನೋಡಿಕೊಳ್ಳುವುದು ಯುಕ್ತ.

೨. ನಾಲ್ಕನೆಯ ಜಾವ

ಕವಿಚರ್ಯೆಯ ವಿಧಿಗಳಲ್ಲಿ ಹೊಸ ಲೇಖಕನಿಗೆ ಅತ್ಯಂತ ಉಪಯುಕ್ತವಾದುದು ಯಾವುದು? ಹಗಲಿನ ಮೊದಲ ಜಾವದಲ್ಲಿ ವ್ಯಾಸಂಗ, ಎರಡನೆಯದರಲ್ಲಿ ರಚನೆ, ಭೋಜನಾನಂತರ ಮೂರನೆಯದರಲ್ಲಿ ಕಾವ್ಯಗೋಷ್ಠಿ. ನಾಲ್ಕನೆಯ ಜಾವದಲ್ಲಿ, ಒಂಟಿಯಾಗಿ ಅಥವಾ ಕೆಲವೇ ಮಂದಿ ಆಪ್ತರೊಡನೆ, ಪೂರ್ವಾಹ್ಣದಲ್ಲಿ ಬರೆದುದರ ಪರೀಕ್ಷೆ. ಇದಕ್ಕೆ ರಾಜಶೇಖರನು ಕೊಡುವ ಕಾರಣವು ಮನನೀಯ. ರಸಾವೇಶದಲ್ಲಿ ಬರೆಯುತ್ತಿರುವವನಿಗೆ ವಿವೇಚಿಸುವ ದೃಷ್ಟಿಯು ಇರುವುದಿಲ್ಲ. ಆದುದರಿಂದ ಬಳಿಕ ಪರೀಕ್ಷಿಸಬೇಕು. ಪರೀಕ್ಷೆಯಲ್ಲಿ ಮಾಡತಕ್ಕ ಕಾರ್ಯಗಳು ನಾಲ್ಕು: ಹೆಚ್ಚಾದುದನ್ನು ತೆಗೆಯುವುದು, ಕಡಮೆಯಾದುದನ್ನು ತುಂಬುವುದು, ತಪ್ಪಿದ ಸ್ಥಾನದಲ್ಲಿರುವುದನ್ನು ಮಾರ್ಪಡಿಸುವುದು, ಮರೆತುದನ್ನು ನೆನೆದು ಸೇರಿಸುವುದು.

ಆವೇಶವೂ ವಿವೇಕವೂ ಬೇರೆ ಬೇರೆ ವೇಳೆಯ ಕೆಲಸಗಳೆಂಬ ಈ ವಿಭಾಗವು ನೂತನ ಲೇಖಕನಿಗೆ ಎರಡು ಭಯಗಳಿಂದ ಬಿಡುಗಡೆಯನ್ನು ಕೊಡುತ್ತದೆ. ಬರೆಯುವಾಗಲೇ ಪ್ರತಿವಾಕ್ಯವನ್ನೂ ತೂಗಿ ನೋಡುವವನ ಕಥೆ ಮುಂದೆ ಸಾಗದು. ಎರಡನೆಯ ಜಾವದಲ್ಲಿ ಅವನು ನಿಶ್ಚಿಂತನಾಗಿ ಬರೆಯಲಿ. ಬರೆದುದನ್ನು ಮರುದಿನ ಓದಿ ನಾಚಿ ಹರಿದೆಸೆಯುವವನು ಆ ನಾಚಿಕೆಯೇ ವಿವೇಕದೃಷ್ಟಿಯ ಉದಯವೆಂದು ತಿಳಿಯಲಿ. ದೋಷವು ಕಂಡಿತೆಂಬುದು ಶಕ್ತಿಯಿಲ್ಲವೆಂಬುದಕ್ಕೆ ಗುರುತಲ್ಲ. ನಾಲ್ಕನೆಯ ಜಾವವು ಬಂದಿತೆಂಬುದಕ್ಕೆ ಗುರುತು.

ತಿದ್ದುವುದಕ್ಕೂ ಒಂದು ಮಿತಿಯುಂಟೆ ಎಂಬ ಪ್ರಶ್ನೆಯು ಇದೇ ಗ್ರಂಥದಲ್ಲಿ ಚರ್ಚಿತವಾಗಿದೆ. ಮನಸ್ಸು ತೂಗಾಡುತ್ತಿರುವವರೆಗೆ ಪದಗಳನ್ನು ಇಡುವುದೂ ತೆಗೆಯುವುದೂ ನಡೆದೇ ಇರುತ್ತದೆ, ಬದಲಾವಣೆಯನ್ನು ಸಹಿಸದ ಸ್ಥಿತಿಗೆ ಪದವು ಬಂದಾಗ ಅದೇ ಪಾಕ ಎಂಬುದು ವಾಮನನ ಪಕ್ಷದವರ ಮತ. ರಾಜಶೇಖರನ ಪತ್ನಿ ಅವಂತಿಸುಂದರಿಯು ಇದನ್ನು ಒಪ್ಪಲಿಲ್ಲ. ಬದಲಾಯಿಸಲು ಬಾರದಿರುವುದು ಅಶಕ್ತಿಯೇ ಹೊರತು ಪಾಕವಲ್ಲ, ಮಹಾಕವಿಗಳಿಗೆ ಒಂದೇ ವಸ್ತುವಿನಲ್ಲಿ ಪಕ್ವವಾದ ಪಾಠಗಳು ಹಲವು ಇರುತ್ತವೆ ಎಂಬುದು ಅವಳ ಖಂಡನೆ. ಒಂದೇ ಕಥೆಯನ್ನು ಎರಡು ಮೂರು ಬಗೆಯಾಗಿ ಹೇಳಿ ನೋಡಲು ಅಂಜುವ ಹೊಸಬನಿಗೆ ಇದಕ್ಕಿಂತ ಮೇಲಾದ ಧೈರ್ಯವಚನವು ದೊರೆಯದು.

೩. ಪರರ ಕಣ್ಣು

ತನ್ನ ಕೃತಿಯನ್ನು ತಾನೇ ಬಹುವಾಗಿ ಮನ್ನಿಸಬಾರದು. ಪಕ್ಷಪಾತವು ಗುಣವನ್ನು ದೋಷವಾಗಿಯೂ ದೋಷವನ್ನು ಗುಣವಾಗಿಯೂ ತೋರಿಸುತ್ತದೆ. ಆದುದರಿಂದ ಇತರರಿಂದ ಪರೀಕ್ಷೆ ಮಾಡಿಸಬೇಕು. ಮಾಡಿದವನಿಗೆ ಕಾಣದುದು ಉದಾಸೀನನಿಗೆ ಕಾಣುತ್ತದೆ. ಇವು ರಾಜಶೇಖರನ ಮಾತಿನ ಸಾರ. ಇದೇ ಅಭಿಪ್ರಾಯವನ್ನು ಅವನಿಗಿಂತ ಮೊದಲೇ ಕನ್ನಡದ ‘ಕವಿರಾಜಮಾರ್ಗ’ವು ಹೇಳಿದೆಯೆಂಬುದು ಕನ್ನಡಿಗರಿಗೆ ಅಭಿಮಾನಾಸ್ಪದ. ಕಣ್ಣು ತನ್ನಲ್ಲಿರುವ ಕಾಡಿಗೆಯನ್ನು ತಾನು ಕಾಣದಂತೆ ಕವಿಯು ತನ್ನ ದೋಷವನ್ನು ತಾನು ಕಾಣನೆಂದು ಅಲ್ಲಿಯ ದೃಷ್ಟಾಂತ. ಕಾಡಿಗೆಯು ಕಣ್ಣಿಗೆ ಅಲಂಕಾರವೆಂಬುದೂ ಗಮನಾರ್ಹ. ಲೇಖಕನಿಗೆ ಕಾಣದ ದೋಷವು ಅನೇಕವೇಳೆ ಅವನು ಅಲಂಕಾರವೆಂದು ಹಚ್ಚಿಕೊಂಡ ಮಾತಿನಲ್ಲಿಯೇ ಇರುತ್ತದೆ.

ಇಂಥ ಪರರ ಕಣ್ಣಿಗೆ ಕನ್ನಡದಲ್ಲಿ ಸುಂದರವಾದ ನಿದರ್ಶನವು ಮುದ್ದಣನ ‘ಶ್ರೀರಾಮಾಶ್ವಮೇಧ’. ೧೯೦೧ರಲ್ಲಿ ಅಲ್ಪವಯಸ್ಸಿನಲ್ಲಿಯೇ ತೀರಿಕೊಂಡ ಈ ಕವಿಯು ತನ್ನ ಕಥೆಯ ಮುಂದೆ ಮನೋರಮೆಯನ್ನು ಕುಳ್ಳಿರಿಸಿದನು. ಪದ್ಯ ಬೇಡ, ಗದ್ಯವೇ ಆಗಲೆಂದು ಅವಳು ಹೇಳುತ್ತಾಳೆ. ಸಂಸ್ಕೃತದ ಬಿಗಿಯಾದ ಮಾತು ತಿಳಿಯದೆಂದು ತಡೆಯುತ್ತಾಳೆ. ನಡುನಡುವೆ ಬಾಯಿಹಾಕಿ ಹಾಸ್ಯಮಾಡುತ್ತಾಳೆ. ಅವಳು ವಿದ್ವತ್ಸಭೆಯ ಪರೀಕ್ಷಕಳಲ್ಲ, ಕಥೆ ಕೇಳಲು ಕುಳಿತ ಮನೆಯವಳು. ಆ ತಡೆಗಳಿಂದ ಕಥೆಗೆ ಜೀವ ಬಂದಿತಲ್ಲದೆ ಹಾನಿಯಾಗಲಿಲ್ಲ. ತನ್ನ ಕಥೆ ಎಲ್ಲಿ ತಿಳಿಯದು, ಎಲ್ಲಿ ಬೇಸರ ಎಂದು ಸ್ನೇಹದಿಂದ ಹೇಳಬಲ್ಲ ಒಬ್ಬ ಕೇಳುಗರನ್ನು ಸಂಪಾದಿಸಿಕೊಂಡ ಹೊಸ ಲೇಖಕನು ಅರ್ಧ ಶಿಕ್ಷೆಯನ್ನು ಪಡೆದಂತೆಯೇ. ಆದರೆ ಅರ್ಧಬರೆದುದನ್ನು ಓದಬಾರದು, ಓದಿದರೆ ಅದು ಮುಗಿಯದೆ ಹೋಗುವುದೆಂದು ರಾಜಶೇಖರನ ನಿಷೇಧವುಂಟು. ಹೊಗಳಿಕೆಯು ಮೊದಲೇ ಸಿಕ್ಕಿಬಿಟ್ಟರೆ ಮುಗಿಸುವ ಹಸಿವು ಆರುವುದೆಂಬ ಲೋಕಾನುಭವವು ಇದರ ಹಿಂದಿರಬೇಕು.

೪. ವೇಳೆಯೂ ಅಧಿಕಾರವೂ

ಬರೆಯಲು ವೇಳೆಯಿಲ್ಲವೆಂಬುದು ಹೊಸಬರ ಸಾಮಾನ್ಯವಾದ ನೆಪ. ಉದ್ಯಾನ, ಸರೋವರ, ನಾನಾಭಾಷಾಪರಿಚಾರಕರಿಂದ ಕೂಡಿದ ಕವಿಭವನದ ವರ್ಣನೆಯನ್ನು ‘ಕಾವ್ಯಮೀಮಾಂಸೆ’ಯಲ್ಲಿ ಓದಿದವರು ನಿರಾಶರಾಗುವುದೂ ಸಹಜ. ಆದರೆ ವೇಳೆಯ ದೃಷ್ಟಿಯಿಂದ ರಾಜಶೇಖರನೇ ಕವಿಗಳನ್ನು ನಾಲ್ಕಾಗಿ ವಿಂಗಡಿಸಿದ್ದಾನೆ: ಹೊರಗೆ ಬಾರದೆ ಒಳಗೇ ಕುಳಿತು ಸದಾ ಬರೆಯುವ ಅಸೂರ್ಯಂಪಶ್ಯ, ಮನಸ್ಸು ಬಂದಾಗ ಕುಳಿತು ಬರೆಯುವ ನಿಷಣ್ಣ, ಸೇವೆ ಮೊದಲಾದವುಗಳ ಬಿಡುವಿನಲ್ಲಿ ಅವಕ್ಕೆ ವಿರೋಧವಿಲ್ಲದಂತೆ ಬರೆಯುವ ದತ್ತಾವಸರ, ಪ್ರಸಂಗವೊದಗಿದಾಗ ಬರೆಯುವ ಪ್ರಾಯೋಜನಿಕ. ದತ್ತಾವಸರನೂ ಕವಿಯೇ, ರಾತ್ರಿಯ ಕಡೆಯ ಜಾವವು ಅವನಿಗೂ ಉಂಟು. ಮೈಸೂರು ಸಂಸ್ಥಾನದ ಅಧಿಕಾರಿಗಳಾಗಿದ್ದುಕೊಂಡೇ ೧೯೨೦ರಲ್ಲಿ ‘ಕೆಲವು ಸಣ್ಣ ಕತೆಗಳು’ ಎಂಬ ಸಂಕಲನವನ್ನು ಪ್ರಕಟಿಸಿ ಕನ್ನಡ ಸಣ್ಣಕಥೆಗೆ ದಾರಿ ಮಾಡಿದ ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರು ೧೯೪೩ರವರೆಗೂ ಈ ವರ್ಗದವರೇ.

ಅಧಿಕಾರದ ಪ್ರಶ್ನೆಯಲ್ಲಿಯೂ ರಾಜಶೇಖರನ ನಿಲವು ದಿಟ್ಟವಾದುದು. ಪುರುಷರಂತೆ ಸ್ತ್ರೀಯರೂ ಕವಿಗಳಾಗಬಹುದು, ಸಂಸ್ಕಾರವು ಆತ್ಮನಲ್ಲಿ ನೆಲಸತಕ್ಕದ್ದು, ಅದು ಸ್ತ್ರೀಪುರುಷವಿಭಾಗವನ್ನು ಅಪೇಕ್ಷಿಸದು ಎಂದು ಅವನು ಸಾರಿದನು. ಬಾಲ್ಯದಲ್ಲಿಯೇ ವೈಧವ್ಯವನ್ನು ಹೊಂದಿದ ನಂಜನಗೂಡು ತಿರುಮಲಾಂಬನವರು ‘ಸತೀಹಿತೈಷಿಣೀ’ ಗ್ರಂಥಮಾಲೆಯನ್ನು ತಾವೇ ಸ್ಥಾಪಿಸಿ, ೧೯೧೩ರಲ್ಲಿ ‘ಸುಶೀಲೆ’ಯನ್ನು ಹೊರತಂದುದು ಈ ಸಿದ್ಧಾಂತಕ್ಕೆ ಕನ್ನಡದ ಉದಾಹರಣೆ.

೫. ಅನುಕರಣ

ಹೊಸಬನ ಕೃತಿಯಲ್ಲಿ ಅನುಕರಣವು ಕಂಡರೆ ಕೂಡಲೇ ಚೌರ್ಯವೆಂದು ಹಳಿಯುವವರುಂಟು. ಆನಂದವರ್ಧನನು ಕೃತಿಗಳೊಳಗಿನ ಸಂವಾದವನ್ನು ಮೂರಾಗಿ ವಿಭಜಿಸಿದನು: ಕನ್ನಡಿಯ ಬಿಂಬದಂತಿರುವುದು, ಚಿತ್ರದಂತಿರುವುದು, ಒಬ್ಬನಂತೆ ಮತ್ತೊಬ್ಬ ದೇಹಧಾರಿಯಿರುವುದು. ಮೊದಲೆರಡು ತ್ಯಾಜ್ಯ. ಮೂರನೆಯದರಲ್ಲಿ ಹೋಲಿಕೆಯಿದ್ದರೂ ಆತ್ಮವು ಬೇರೆಯಾದುದರಿಂದ ಗ್ರಾಹ್ಯ. ಅಭ್ಯಾಸದೆಶೆಯಲ್ಲಿ ಲೇಖಕನು ಬಿಂಬದಿಂದ ತೊಡಗಿ ದೇಹಕ್ಕೆ ಬರುವುದು ಸಹಜ. ಅಲ್ಲಿಯೇ ನಿಲ್ಲುವುದು ದೋಷ. ೧೯೩೩ರ ‘ಚೋಮನ ದುಡಿ’ಗೆ ಮುಂಚೆಯೇ ಶಿವರಾಮ ಕಾರಂತರು ‘ವಿಚಿತ್ರಕೂಟ’ ಮೊದಲಾದ ಕಾದಂಬರಿಗಳನ್ನು ಬರೆದಿದ್ದರು. ಅವರ ಕೀರ್ತಿಯು ನಿಂತಿರುವುದು ಆ ಮೊದಲ ಬರಹಗಳ ಮೇಲಲ್ಲ. ಅವುಗಳನ್ನು ಮಾತ್ರ ನೋಡಿ ಯಾರಾದರೂ ಕಡೆಯ ತೀರ್ಪನ್ನು ಕೊಟ್ಟು, ಅದನ್ನು ಲೇಖಕರು ನಂಬಿದ್ದರೆ ಕನ್ನಡಕ್ಕೆ ಆಗುತ್ತಿದ್ದ ನಷ್ಟವು ಊಹ್ಯ.

೬. ತ್ಯಾಜ್ಯಾಂಶ

ಶಿಕ್ಷಾಗ್ರಂಥಗಳಲ್ಲಿರುವುದೆಲ್ಲವೂ ಇಂದಿಗೆ ಸಲ್ಲದು. ಹಂಸವು ಯಾವ ಜಲಾಶಯದಲ್ಲಿಯಾದರೂ ಇರಬಹುದು, ಕೀರ್ತಿಯು ಬೆಳ್ಳಗಿರಬೇಕು ಎಂಬ ಕವಿಸಮಯಗಳ ಪಟ್ಟಿಯು ಕಥಾಲೇಖಕನಿಗೆ ಅನುಪಯುಕ್ತವೇ ಅಲ್ಲ, ಅಪಾಯಕರವೂ ಹೌದು; ಕಥೆಯಲ್ಲಿ ಕೊಳವು ಇಂಥ ಊರಿನ ಕೊಳವಾಗಿರಬೇಕು, ಅದರಲ್ಲಿರುವ ಹಕ್ಕಿಯನ್ನು ಲೇಖಕನು ಕಂಡಿರಬೇಕು. ಅರ್ಥವಿಲ್ಲದ ಪದಗಳಿಂದ ಪದ್ಯಪಾದವನ್ನು ತುಂಬುವ ಕ್ಷೇಮೇಂದ್ರನ ಅಭ್ಯಾಸಕ್ರಮವೂ ಗದ್ಯದಲ್ಲಿ ಕೆಡುಕನ್ನೇ ಕಲಿಸೀತು. ಆದರೆ ಅದೇ ಕ್ಷೇಮೇಂದ್ರನ ಶಿಕ್ಷಾಶತಕದಲ್ಲಿ ಶಿಲ್ಪಿಗಳ ಕೈಚಳಕವನ್ನು ನೋಡು, ಶೋಕಿಸುವವರ ಪ್ರಲಾಪವನ್ನು ಕೇಳು, ಸ್ಮಶಾನವನ್ನೂ ಅರಣ್ಯವನ್ನೂ ಕಾಣು, ಲೋಕಾಚಾರವನ್ನು ತಿಳಿ ಎಂಬ ಉಪದೇಶಗಳಿವೆ. ಕುಂಬಾರನ ತಿಗುರಿಯ ಬಳಿ ಒಂದು ಹೊತ್ತು ಕುಳಿತವನು ಕುಂಬಾರನ ಕಥೆಯನ್ನು ಬರೆಯುವುದಕ್ಕೂ ಪುಸ್ತಕದಿಂದ ಬರೆಯುವುದಕ್ಕೂ ಇರುವ ಅಂತರವು ಸಹೃದಯರಿಗೆ ವೇದ್ಯವೇ ಆಗಿದೆ.

೭. ಉಪಸಂಹಾರ

ರಾಜಶೇಖರನು ವಿಮರ್ಶಕರನ್ನೂ ನಾಲ್ಕಾಗಿ ವಿಂಗಡಿಸಿದ್ದಾನೆ. ಯಾವುದೂ ರುಚಿಸದ ಅರೋಚಕಿ. ಧಾನ್ಯದೊಡನೆ ಹುಲ್ಲನ್ನೂ ತಿನ್ನುವ ಸತೃಣಾಭ್ಯವಹಾರಿ. ಗುಣವನ್ನು ಕಂಡೂ ಹೇಳದ ಮತ್ಸರಿ. ತತ್ತ್ವದಲ್ಲಿ ಮನಸ್ಸಿಟ್ಟ ತತ್ತ್ವಾಭಿನಿವೇಶಿ. ಕಡೆಯವನು ಸಾವಿರದಲ್ಲಿ ಒಬ್ಬನಿದ್ದರೆ ಇದ್ದಾನು ಎಂಬುದು ಅವನ ನಿಟ್ಟುಸಿರು. ಉಪಚಾರದಿಂದ ಹೊಗಳಿ ಕಳುಹಿಸುವ ಅಧ್ಯಾಪಕನೂ ಪ್ರತಿಭೆಯಿಲ್ಲವೆಂದು ತಳ್ಳಿಹಾಕುವ ಅಧ್ಯಾಪಕನೂ ಮೊದಲ ಮೂವರಲ್ಲಿಯೇ ಸೇರತಕ್ಕವರು. ಇಬ್ಬರೂ ಕೃತಿಯನ್ನು ಪರೀಕ್ಷಿಸಲಿಲ್ಲ. ಹೊಸಬನ ಹಸ್ತಪ್ರತಿಯನ್ನು ಕೈಗೆತ್ತಿಕೊಂಡವನು ಹೇಳಬೇಕಾದುದು ಇಷ್ಟೆ: ಇಲ್ಲಿ ಹೆಚ್ಚಾಯಿತು, ಇಲ್ಲಿ ಕಡಮೆಯಾಯಿತು, ಇದು ಸ್ಥಾನ ತಪ್ಪಿದೆ, ಇದನ್ನು ಮರೆತಿದ್ದೀಯೆ, ಹೋಗಿ ತಿದ್ದಿ ತಾ. ತಿದ್ದಿ ತಂದವನಲ್ಲಿ ಶಕ್ತಿಯಿದೆಯೋ ಇಲ್ಲವೋ ಎಂಬುದನ್ನು ಅವನ ಎರಡನೆಯ ಪ್ರತಿಯೇ ಹೇಳುತ್ತದೆ. ಅದೂ ಹೇಳದಿದ್ದರೆ ಹತ್ತನೆಯದು ಹೇಳುತ್ತದೆ. ಓದಿನ ಹಂಗಿಲ್ಲದೆಯೇ ಕಾವ್ಯಪ್ರಯೋಗದಲ್ಲಿ ಪರಿಣತರಾದವರು ಕನ್ನಡನಾಡಿನ ಜನವೆಂದು ‘ಕವಿರಾಜಮಾರ್ಗ’ವು ಕೊಂಡಾಡಿತು. ಆ ನಾಡಿನ ತರುಣನೊಬ್ಬನು ಕಥೆಯನ್ನು ಬರೆದು ತಂದಾಗ, ಶಕ್ತಿಯಿದ್ದೀತೆಂಬ ನಂಬಿಕೆಯಿಂದ ಓದಲು ತೊಡಗುವುದು ಶಾಸ್ತ್ರಕ್ಕೂ ಸಮ್ಮತ, ದೇಶಾಚಾರಕ್ಕೂ ಸಮ್ಮತ.