ಕುಟುಂಬವೆಂಬ ನೆಪ: ‘ದಿ ಗಾಡ್‌ಫಾದರ್’ ಕಾದಂಬರಿಯ ನೈತಿಕ ವಿಮರ್ಶೆ

ಅಮೆರಿಕದ ಲೇಖಕ ಮಾರಿಯೊ ಪುಜೊ (1920–1999) ಅವರ ‘ದಿ ಗಾಡ್‌ಫಾದರ್’ ಕಾದಂಬರಿ 1969ರಲ್ಲಿ ಪ್ರಕಟವಾಯಿತು. 1972ರಲ್ಲಿ ಫ್ರಾನ್ಸಿಸ್ ಫೋರ್ಡ್ ಕೊಪ್ಪೊಲಾ ಅದನ್ನು ಚಲನಚಿತ್ರವಾಗಿಸಿದ ಮೇಲೆ, ಚಿತ್ರದ ಕೀರ್ತಿಯ ನೆರಳಿನಲ್ಲಿ ಮೂಲಕೃತಿ ಹಿಂದೆ ಸರಿಯಿತು. ಆದರೆ ಕೃತಿ ಎತ್ತುವ ನೈತಿಕ ಪ್ರಶ್ನೆ ಪುಸ್ತಕದ ಪುಟಗಳಲ್ಲಿಯೇ ಹೆಚ್ಚು ಸ್ಪಷ್ಟವಾಗಿದೆ. ಮನೆಯವರ ಮೇಲಣ ಮಮತೆ ಎಲ್ಲಿಯವರೆಗೆ ಸದ್ಗುಣ? ಎಲ್ಲಿಂದಾಚೆಗೆ ಅದು ಹಿಂಸೆಗೆ ಹೊದಿಸಿದ ಶಾಲು? ಈ ಪ್ರಶ್ನೆಯನ್ನು ಬಿಟ್ಟು ಕಾದಂಬರಿಯನ್ನು ಓದಿದರೆ ಉಳಿಯುವುದು ಗುಂಡಿನ ಸದ್ದು ಮಾತ್ರ.

‘ಗಾಡ್‌ಫಾದರ್’ ಎಂದರೆ ಕ್ರೈಸ್ತ ಸಂಪ್ರದಾಯದಲ್ಲಿ ದೀಕ್ಷಾಸ್ನಾನದ ವೇಳೆ ಮಗುವಿನ ಧಾರ್ಮಿಕ ಪಾಲನೆಯ ಹೊಣೆಯನ್ನು ಹೊರುವ ಧರ್ಮಪಿತ. ಈ ಪವಿತ್ರ ಪದವನ್ನು ಪಾತಕಿಗಳ ನಾಯಕನಿಗೆ ಬಿರುದಾಗಿ ಕೊಟ್ಟಿರುವುದರಲ್ಲಿಯೇ ಕೃತಿಯ ವ್ಯಂಗ್ಯ ಅಡಗಿದೆ. ಕಥೆ ನ್ಯೂಯಾರ್ಕಿನ ನ್ಯಾಯಾಲಯವೊಂದರಲ್ಲಿ ಆರಂಭವಾಗುತ್ತದೆ. ಅಮೆರಿಗೊ ಬೊನಸೆರಾ ಎಂಬ ಪ್ರಾಮಾಣಿಕ ವಲಸಿಗನ ಮಗಳನ್ನು ಕ್ರೂರವಾಗಿ ಥಳಿಸಿದ ಇಬ್ಬರು ಯುವಕರು ಶಿಕ್ಷೆಯನ್ನು ಅನುಭವಿಸದೆಯೇ ಹೊರಬೀಳುತ್ತಾರೆ. ನೊಂದ ತಂದೆ ಡಾನ್ ವಿಟೊ ಕಾರ್ಲಿಯೋನೆಯ ಬಳಿ ಬಂದು ಅವರ ಪ್ರಾಣವನ್ನೇ ಕೇಳುತ್ತಾನೆ. ಮಗಳು ಬದುಕಿರುವಾಗ ಅದು ನ್ಯಾಯವಲ್ಲವೆಂದು ಡಾನ್ ನಿರಾಕರಿಸಿ, ಅಪರಾಧಕ್ಕೆ ಸಮನಾದ ಶಿಕ್ಷೆಯನ್ನಷ್ಟೇ ಕೊಡಿಸುತ್ತಾನೆ. ಓದುಗನ ಮನಸ್ಸು ಅಲ್ಲಿಯೇ ಸೋಲುತ್ತದೆ. ರಾಜ್ಯದ ನ್ಯಾಯಕ್ಕಿಂತ ಈತನ ನ್ಯಾಯ ಮೇಲೆಂದು ಒಮ್ಮೆ ತಲೆದೂಗಿದವನಿಗೆ ಮುಂದಿನ ಕೊಲೆಗಳೂ ಅನಿವಾರ್ಯವೆಂಬಂತೆ ತೋರತೊಡಗುತ್ತವೆ. ಲೇಖಕರ ಕೌಶಲವೂ ಕೃತಿಯ ಅಪಾಯವೂ ಇದೇ.

ಡಾನ್‌ನ ಗುಣಗಳೆಂದು ಕಾಣುವುದನ್ನು ಒರೆಗೆ ಹಚ್ಚಿ ನೋಡಬೇಕು. ಸೊಲೊಟ್ಜೊ ಎಂಬಾತ ಮಾದಕವಸ್ತುಗಳ ವ್ಯಾಪಾರದಲ್ಲಿ ಪಾಲುಗಾರಿಕೆಯನ್ನು ಕೋರಿದಾಗ ಡಾನ್ ಒಪ್ಪುವುದಿಲ್ಲ. ಇದನ್ನು ಆತನ ನೀತಿಪ್ರಜ್ಞೆಯೆಂದು ಬಗೆದವರು ಅನೇಕರು. ಆದರೆ ಆತ ಕೊಡುವ ಕಾರಣ ಬೇರೆ. ಜೂಜನ್ನು ಕಂಡೂ ಕಾಣದಂತಿರುವ ರಾಜಕಾರಣಿಗಳೂ ನ್ಯಾಯಾಧೀಶರೂ ಮಾದಕವಸ್ತುವೆಂದೊಡನೆ ತನ್ನಿಂದ ದೂರ ಸರಿದಾರೆಂಬುದೇ ಆತನ ಚಿಂತೆ. ಅದು ಲಾಭನಷ್ಟದ ಲೆಕ್ಕಾಚಾರವೇ ಹೊರತು ಪಾಪಭೀತಿಯಲ್ಲ. ಮಿತಭಾಷೆ, ಸಂಯಮ, ದೂರದೃಷ್ಟಿಗಳು ತಮ್ಮಷ್ಟಕ್ಕೆ ಧರ್ಮವಾಗಲಾರವು. ಅವು ಯಾವ ಕಾರ್ಯಕ್ಕೆ ದುಡಿಯುತ್ತಿವೆಯೆಂಬುದೇ ಅವುಗಳ ಬೆಲೆಯನ್ನು ಕಟ್ಟುತ್ತದೆ.

ಕುಟುಂಬವನ್ನು ಕಾಪಾಡಲೆಂದೇ ಕಟ್ಟಿದ ಈ ಸಾಮ್ರಾಜ್ಯ ಕುಟುಂಬಕ್ಕೆ ಮಾಡಿದ್ದಾದರೂ ಏನು? ಹಿರಿಯ ಮಗ ಸಾನ್ನಿ ಗುಂಡೇಟಿಗೆ ಬಲಿಯಾಗುತ್ತಾನೆ. ಮಹಾಯುದ್ಧದಲ್ಲಿ ಹೋರಾಡಿ ಬಂದು, ತಂದೆಯ ದಂಧೆಯಿಂದ ದೂರವಿರಬಯಸಿದ್ದ ಕಿರಿಯ ಮಗ ಮೈಕೇಲ್, ತಂದೆಯ ಮೇಲಣ ಹಲ್ಲೆಯ ತರುವಾಯ ಎರಡು ಕೊಲೆಗಳನ್ನು ಮಾಡಿ ಸಿಸಿಲಿಯಲ್ಲಿ ತಲೆಮರೆಸಿಕೊಳ್ಳುತ್ತಾನೆ. ಅಲ್ಲಿ ಮದುವೆಯಾದ ಮುಗ್ಧೆ ಆತನಿಗೆಂದು ಇಟ್ಟ ಬಾಂಬಿಗೆ ಸಿಡಿದು ಸಾಯುತ್ತಾಳೆ. ಕೊನೆಗೆ ಮೈಕೇಲ್ ತಂಗಿಯ ಮಗನಿಗೆ ಧರ್ಮಪಿತನಾಗಲು ಒಪ್ಪಿ, ಆ ಮಗುವಿನ ತಂದೆಯನ್ನೇ ಕೊಲ್ಲಿಸುತ್ತಾನೆ. ಕೊಲೆಗಳೆಲ್ಲ ಕೇವಲ ವ್ಯವಹಾರ, ವೈಯಕ್ತಿಕ ದ್ವೇಷವಲ್ಲ ಎಂಬ ಸಮಜಾಯಿಷಿ ಈ ಕಥೆಯಲ್ಲಿ ಪ್ರಸಿದ್ಧವಾದುದು. ಆದರೆ ಕಾದಂಬರಿಯ ಮೈಕೇಲ್ ಆ ಮಾತನ್ನು ಸ್ವತಃ ತಳ್ಳಿಹಾಕುತ್ತಾನೆ. ತನ್ನ ತಂದೆಗೆ ಎಲ್ಲವೂ ವೈಯಕ್ತಿಕವೇ ಆಗಿತ್ತೆಂದು ಒಪ್ಪುತ್ತಾನೆ. ವ್ಯವಹಾರವೆಂಬುದು ಮನಸ್ಸಾಕ್ಷಿಗೆ ಹೇಳಿಕೊಂಡ ಸುಳ್ಳೆಂಬ ಈ ತಪ್ಪೊಪ್ಪಿಗೆ ಕೃತಿಯ ಅತ್ಯಂತ ಪ್ರಾಮಾಣಿಕ ಗಳಿಗೆ.

ಆದರೆ ಕಾದಂಬರಿಯ ತಿರುಳಿರುವುದು ಸ್ತ್ರೀಪಾತ್ರಗಳಲ್ಲಿ. ಡಾನ್‌ನ ಮಡದಿ ಪ್ರತಿದಿನ ಬೆಳಗ್ಗೆ ಚರ್ಚಿಗೆ ಹೋಗುತ್ತಾಳೆ. ಗಂಡನಿಗೆ ನರಕ ತಪ್ಪಲೆಂಬುದೇ ಅವಳ ಪ್ರಾರ್ಥನೆ. ಮೈಕೇಲನ ಪತ್ನಿ ಕೇ, ನಾದಿನಿಯ ಗಂಡನ ಕೊಲೆಯ ಬಗ್ಗೆ ನೇರವಾಗಿ ಪ್ರಶ್ನಿಸುತ್ತಾಳೆ. ಆತ ಸುಳ್ಳು ಹೇಳುತ್ತಾನೆ. ಅನುಚರರು ಆತನಿಗೆ ವಂದಿಸುವ ರೀತಿಯಿಂದಲೇ ಅವಳಿಗೆ ನಿಜ ಹೊಳೆಯುತ್ತದೆ. ಮಕ್ಕಳೊಡನೆ ತವರಿಗೆ ಹೊರಟುಹೋದವಳು, ಮನೆತನದ ಸಲಹೆಗಾರ ಟಾಮ್ ಹೇಗನ್ ಬಂದು ಕಾರಣಗಳನ್ನು ವಿವರಿಸಿದ ಮೇಲೆ ಮರಳಿ ಬರುತ್ತಾಳೆ. ಚಿತ್ರ ಅವಳ ಮುಖದ ಮೇಲೆ ಬಾಗಿಲು ಮುಚ್ಚುವುದರೊಂದಿಗೆ ಮುಗಿದರೆ, ಕಾದಂಬರಿ ಮುಗಿಯುವುದು ಅವಳು ಅತ್ತೆಯಂತೆಯೇ ಚರ್ಚಿನಲ್ಲಿ ಗಂಡನ ಆತ್ಮಕ್ಕಾಗಿ ಪ್ರಾರ್ಥಿಸುವುದರೊಂದಿಗೆ.

ಇಲ್ಲಿ ಕುಟುಂಬ ಒಂದು ಶ್ರಮವಿಭಜನೆಯನ್ನು ಮಾಡಿಕೊಂಡಿದೆ. ಪಾಪ ಗಂಡಸರದು, ಪ್ರಾಯಶ್ಚಿತ್ತ ಹೆಂಗಸರದು, ಅನ್ನ ಎಲ್ಲರದು. ಪ್ರಾರ್ಥನೆ ಸಲ್ಲುತ್ತಿರುವುದರಿಂದ ಪಾಪ ನಿಲ್ಲಬೇಕಾಗಿಲ್ಲ. ಪಾಪ ನಿಲ್ಲದಿರುವುದರಿಂದ ಪ್ರಾರ್ಥನೆಗೂ ಬಿಡುವಿಲ್ಲ. ಒಬ್ಬರು ಮಾಡಿದ ಕರ್ಮವನ್ನು ಇನ್ನೊಬ್ಬರ ನಾಲಗೆ ತೊಳೆಯಬಹುದೇ ಎಂಬ ಪ್ರಶ್ನೆಯನ್ನು ಓದುಗನ ಮುಂದಿಟ್ಟು ಲೇಖಕರು ಮೌನವಾಗುತ್ತಾರೆ.

ಕೃತಿಯ ದೊಡ್ಡ ಕೊರತೆಯನ್ನೂ ಹೇಳಬೇಕು. ಸತ್ತವರಿಗೆ ಇಲ್ಲಿ ಮನೆಯಿಲ್ಲ. ಕಾರ್ಲಿಯೋನೆಗಳ ಊಟದ ಮೇಜು, ಮದುವೆ, ಮರಣಗಳೆಲ್ಲ ವಿವರವಾಗಿ ಬರುತ್ತವೆ. ಅವರ ಕೈಯಲ್ಲಿ ಹತರಾದವರ ತಾಯಂದಿರು, ಮಕ್ಕಳು ಬಹುಮಟ್ಟಿಗೆ ಕಾಣಿಸುವುದೇ ಇಲ್ಲ. ಸಾಲದ ಹೊರೆಯಲ್ಲಿದ್ದಾಗ ಹಣಕ್ಕಾಗಿ ಈ ಕಾದಂಬರಿಯನ್ನು ಬರೆದುದನ್ನೂ, ಬರೆಯುವ ಮುನ್ನ ನಿಜವಾದ ಪಾತಕಿಯನ್ನು ಕಂಡಿರದಿದ್ದುದನ್ನೂ ಪುಜೊ ಮುಚ್ಚಿಡಲಿಲ್ಲ. ಡಾನ್‌ನ ಮಾತಿನ ಹಿಂದೆ ತಮ್ಮ ತಾಯಿಯ ದನಿಯಿತ್ತೆಂದೂ ಅವರು ಹೇಳಿಕೊಂಡಿದ್ದಾರೆ. 1965ರ ‘ದಿ ಫಾರ್ಚುನೇಟ್ ಪಿಲ್ಗ್ರಿಮ್’ ಕಾದಂಬರಿಯಲ್ಲಿ ಅದೇ ತಾಯಿ ಲೂಸಿಯಾ ಸಾಂತಾ ಎಂಬ ಹೆಸರಿನಲ್ಲಿ ನ್ಯೂಯಾರ್ಕಿನ ಬಡ ಕೇರಿಯಲ್ಲಿ ಛಲದಿಂದ ಮಕ್ಕಳನ್ನು ಸಾಕುತ್ತಾಳೆ. ಆ ಪುಸ್ತಕ ಮೆಚ್ಚುಗೆ ಪಡೆದರೂ ಹಣ ತರಲಿಲ್ಲ. ದುಡಿದು ಬದುಕಿದ ತಾಯಿಯ ಗುಣಗಳನ್ನು ಕೊಲೆಗಾರನಿಗೆ ತೊಡಿಸಿದ ಮೇಲೆಯೇ ಜಗತ್ತು ಲೇಖಕರತ್ತ ತಿರುಗಿ ನೋಡಿತು. ಈ ವಿಪರ್ಯಾಸದಲ್ಲಿ ಓದುಗರ ಪಾಲೂ ಇದೆ.

ಕಾರ್ಲಿಯೋನೆ ಎಂಬುದು ಸಿಸಿಲಿಯ ಪಲೆರ್ಮೊ ಪ್ರಾಂತದ ನಿಜವಾದ ಊರು. ಅದೇ ಪ್ರಾಂತದ ಚಿನಿಸಿ ಎಂಬಲ್ಲಿ ಫೆಲಿಚಿಯಾ ಇಂಪಾಸ್ತಾತೊ ಎಂಬ ತಾಯಿಯಿದ್ದಳು. ಅವಳ ಗಂಡನ ಮನೆ ಮಾಫಿಯಾಕ್ಕೆ ಸೇರಿದುದು. ಮಗ ಪೆಪ್ಪಿನೊ ರೇಡಿಯೊ ಕಾರ್ಯಕ್ರಮಗಳಲ್ಲಿ ಊರಿನ ಮಾಫಿಯಾ ನಾಯಕನನ್ನು ಬಹಿರಂಗವಾಗಿ ಲೇವಡಿ ಮಾಡಿದ. 1978ರ ಮೇ 9ರಂದು ಹತನಾದ. ಅವಳು ಸೇಡನ್ನು ಬಯಸಲಿಲ್ಲ, ಮೌನವನ್ನೂ ಒಪ್ಪಲಿಲ್ಲ, ನ್ಯಾಯಾಲಯದ ಮೆಟ್ಟಿಲೇರಿದಳು. 24 ವರ್ಷಗಳ ನಂತರ, 2002ರಲ್ಲಿ, ಗಾಯೆತಾನೊ ಬದಲಾಮೆಂತಿಗೆ ಜೀವಾವಧಿ ಶಿಕ್ಷೆಯಾಯಿತು. ಅವಳು 2004ರಲ್ಲಿ ತೀರಿಕೊಂಡಳು. ಬಂದವರಿಗೆ ಮಗನ ಕಥೆಯನ್ನು ಹೇಳಲು ಅವಳು ತೆರೆದಿಟ್ಟಿದ್ದ ಮನೆ ಇಂದು ಸ್ಮಾರಕವಾಗಿದೆ.

ಕೇ ಮತ್ತು ಫೆಲಿಚಿಯಾ ಇಬ್ಬರೂ ಕುಟುಂಬವನ್ನು ಪ್ರೀತಿಸಿದವರೇ. ಒಬ್ಬಳು ತಿಳಿದ ಸತ್ಯವನ್ನು ಪ್ರಾರ್ಥನೆಯಲ್ಲಿ ಹುದುಗಿಸಿದಳು, ಇನ್ನೊಬ್ಬಳು ಅದನ್ನು ಬಾಯಿಬಿಟ್ಟು ಹೇಳಿದಳು. ಪುಜೊ ಅವರ ಕಾದಂಬರಿಯನ್ನು ಮನೆಯ ಕಿರಿಯರು ಓದುವುದಾದರೆ ಹಿರಿಯರು ತಡೆಯಬೇಕಾಗಿಲ್ಲ. ಓದಿ ಮುಗಿದ ಮೇಲೆ ಮನೆಗೆ ಬರುವ ಅನ್ನದ ಮೂಲವನ್ನು ಕೇಳುವ ಹಕ್ಕು ಆ ಮನೆಯಲ್ಲಿ ಯಾರಿಗಿತ್ತು ಎಂದು ಅವರೊಡನೆ ಚರ್ಚಿಸಿದರೆ ಸಾಕು.