ಬೆನ್ನ ಮೇಲಿನ ಬರಹಕ್ಕೊಂದು ಟೀಕೆ

ಅಮೆರಿಕದಲ್ಲಿ ಬಹುಕಾಲ ಇದ್ದು ಬೆಂಗಳೂರಿಗೋ ಮೈಸೂರಿಗೋ ಮರಳುವವರ ಸಾಮಾನಿನಲ್ಲಿ ಸೋಫಾ, ಪುಸ್ತಕಗಳ ಜೊತೆ ಒಂದು ಸ್ಟೀರಿಯೊ ಸೆಟ್ಟೂ ಇರುವುದುಂಟು. ಅದು ಇಲ್ಲಿ ನಡೆಯುತ್ತದೆಯೇ ಎಂದು ಅವರು ಊರೆಲ್ಲ ಕೇಳುತ್ತಾರೆ. ಉತ್ತರ ಸೆಟ್ಟಿನ ಬೆನ್ನ ಮೇಲೇ ಅಚ್ಚಾಗಿರುತ್ತದೆ. ಅಮೆರಿಕದ ಮಾರುಕಟ್ಟೆಗೆಂದೇ ತಯಾರಾದ ಹಳೆಯ ರಿಸೀವರ್‌ಗಳ ಹಿಂಬದಿಯಲ್ಲಿ ಸಾಮಾನ್ಯವಾಗಿ ಕಾಣುವ ಸಾಲುಗಳಿಗೆ ಇಲ್ಲಿ ಟೀಕೆ ಬರೆದಿದ್ದೇನೆ. ವ್ಯಾಟಿನ ಅಂಕಿ ಸೆಟ್ಟಿನಿಂದ ಸೆಟ್ಟಿಗೆ ಬೇರೆಯಾದೀತು. ಉಳಿದದ್ದು ಹೆಚ್ಚುಕಡಿಮೆ ಒಂದೇ ಪಾಠ.

ಎಎಂ/ಎಫ್‌ಎಂ ಸ್ಟೀರಿಯೊ ರಿಸೀವರ್

ರೇಡಿಯೊ ಇದೆ, ಆದರೆ ಅದು ಅಮೆರಿಕದ ಲೆಕ್ಕದಲ್ಲಿ ಹೆಜ್ಜೆ ಹಾಕುವ ರೇಡಿಯೊ. ಡಿಜಿಟಲ್ ಟ್ಯೂನರ್ ಆಗಿದ್ದರೆ ಅದು ಎಫ್‌ಎಂನಲ್ಲಿ 0.2 ಮೆಗಾಹರ್ಟ್ಸ್ ಅಂತರದಲ್ಲಿ ಜಿಗಿಯುವ ಸಾಧ್ಯತೆ ಹೆಚ್ಚು. ಅಲ್ಲಿಯ ಕೇಂದ್ರಗಳೆಲ್ಲ 87.9, 88.1 ಎಂದು ಬೆಸ ಅಂಕಿಯಲ್ಲೇ ಮುಗಿಯುತ್ತವೆ. ಬೆಂಗಳೂರಿನವರಿಗೆ ಇದು ಗೊತ್ತೇ ಆಗದಿರಬಹುದು: 101.3ರ ಕಾಮನಬಿಲ್ಲು, 102.9ರ ವಿವಿಧ ಭಾರತಿ ಎರಡೂ ಬೆಸವೇ. ಮೈಸೂರಿನಲ್ಲಿ ಪೇಚು. 1935ರಲ್ಲಿ ಎಂ.ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲೇ ಬಾನುಲಿ ಕೇಂದ್ರ ತೆರೆದ ಆ ಊರಿನ ಆಕಾಶವಾಣಿ ಇರುವುದು 100.6ರಲ್ಲಿ, ಸೆಟ್ಟು 100.5ಕ್ಕೋ 100.7ಕ್ಕೋ ನಿಂತು ಗೊರಗೊರ ಎನ್ನುತ್ತದೆ. ಮೀಡಿಯಂ ವೇವ್ ಕಥೆಯೂ ಇದೇ. ಅಲ್ಲಿ ಹತ್ತರ ಮಗ್ಗಿ, ಇಲ್ಲಿ ಒಂಬತ್ತರದು. ಧಾರವಾಡದ 765 ಒಂಬತ್ತರ ಮಗ್ಗಿಗೆ ಸಿಗುತ್ತದೆ, ಹತ್ತರದಕ್ಕೆ ಸಿಗುವುದಿಲ್ಲ. ಕೆಲವು ಸೆಟ್ಟುಗಳ ಹಿಂಬದಿಯಲ್ಲಿ ಈ ಅಂತರ ಬದಲಿಸಲು ಪುಟ್ಟ ಸ್ವಿಚ್ ಇರುತ್ತದೆ, ಹುಡುಕಿ ನೋಡಿ. ಮುಳ್ಳು ತಿರುಗಿಸುವ ಹಳೇ ಡಯಲ್ ಇದ್ದರಂತೂ ಚಿಂತೆಯೇ ಇಲ್ಲ.

ಎಸಿ 120 ವಿ

ಎಲ್ಲರೂ ಓದುವ ಸಾಲು ಇದು. ನಮ್ಮ ಗೋಡೆಯಲ್ಲಿರುವುದು 230. ಇಸ್ತ್ರಿಪೆಟ್ಟಿಗೆಯಂಥ ಸರಳ ಸಾಧನದಲ್ಲಿ ಶಾಖ ವೋಲ್ಟೇಜಿನ ವರ್ಗಕ್ಕೆ ತಕ್ಕಂತೆ ಏರುತ್ತದೆ. ಅಂದರೆ ಅಮೆರಿಕದ ಇಸ್ತ್ರಿಪೆಟ್ಟಿಗೆಯನ್ನು ಇಲ್ಲಿ ಹಾಕಿದರೆ ಅದು ಮೂರೂವರೆ ಪಟ್ಟಿಗೂ ಮಿಕ್ಕಿ ಕಾಯುತ್ತದೆ. ರಿಸೀವರ್‌ನಲ್ಲಿ ಆಗುವುದು ಇನ್ನೂ ಕೆಟ್ಟದ್ದು. ಒಳಗಿನ ಟ್ರಾನ್ಸ್‌ಫಾರ್ಮರಿನ ಕಬ್ಬಿಣದ ತಿರುಳು ತಾಳಬಲ್ಲ ಕಾಂತತೆಯ ಮಿತಿ ದಾಟುತ್ತದೆ, ಆಮೇಲೆ ಕರೆಂಟಿಗೆ ಲಗಾಮಿಲ್ಲ. ಪುಣ್ಯವಿದ್ದರೆ ಫ್ಯೂಸ್ ಹೋಗುತ್ತದೆ. ಇಲ್ಲದಿದ್ದರೆ ಸುರುಳಿ ಸುಡುತ್ತದೆ, ಮುಂದಿನ ಕೆಪಾಸಿಟರ್‌ಗಳು ಉಬ್ಬಿ ಒಡೆಯುತ್ತವೆ. ರಿಮೋಟ್ ಇರುವ ಸೆಟ್ಟಾದರೆ ಪವರ್ ಬಟನ್ ಒತ್ತುವುದೂ ಬೇಡ. ಸ್ಟ್ಯಾಂಡ್‌ಬೈಗೆಂದು ಸದಾ ಎಚ್ಚರವಿರುವ ಸಣ್ಣ ಟ್ರಾನ್ಸ್‌ಫಾರ್ಮರ್ ಪ್ಲಗ್ ಚುಚ್ಚಿದ ಕೂಡಲೇ ಬಲಿಯಾಗಬಹುದು.

ವಿಮಾನ ನಿಲ್ದಾಣದಲ್ಲಿ ಸಿಗುವ ಅಡಾಪ್ಟರ್ ಪಿನ್ನಿನ ಆಕಾರವನ್ನಷ್ಟೇ ಬದಲಿಸುತ್ತದೆ. ಸ್ಟೆಬಿಲೈಸರ್ 230ನ್ನು 230ರಲ್ಲೇ ನಿಲ್ಲಿಸುತ್ತದೆ. ಅಂಗೈಯಗಲದ ಹಗುರ ಪ್ರವಾಸಿ ಕನ್ವರ್ಟರ್‌ಗಳಲ್ಲಿ ಹಲವು ವಿದ್ಯುತ್ತಿನ ಅಲೆಯನ್ನು ಕತ್ತರಿಸಿ ಕೊಡುತ್ತವೆ. ಕೂದಲು ಒಣಗಿಸಲು ಅದಾದೀತು, ಆಡಿಯೊಗೆ ಬೇಡವೇ ಬೇಡ. ಬೇಕಾಗಿರುವುದು ಭಾರದ, ತಾಮ್ರ ಕಬ್ಬಿಣದ ಸ್ಟೆಪ್ ಡೌನ್ ಟ್ರಾನ್ಸ್‌ಫಾರ್ಮರ್. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ವಿಚಾರಿಸುವಾಗ ಒಂದು ಮಾತು ಸ್ಪಷ್ಟವಾಗಿ ಕೇಳಿ: ಎರಡು ಬೇರೆ ಸುರುಳಿಯ ಐಸೊಲೇಷನ್ ಮಾದರಿಯೋ, ಒಂದೇ ಸುರುಳಿಯ ಆಟೊ ಮಾದರಿಯೋ? ಎರಡನೆಯದು ಅಗ್ಗ, ಹಗುರ. ಆದರೆ ಅದು ಸೆಟ್ಟನ್ನು ಮನೆಯ ಲೈನಿನಿಂದ ಬೇರ್ಪಡಿಸುವುದಿಲ್ಲ. ನಾನಾದರೆ ಐಸೊಲೇಷನ್ ಮಾದರಿಗೇ ಹಣ ಹಾಕುತ್ತೇನೆ.

ಇದೇ ಜಾಗದಲ್ಲಿ ‘100–240 ವಿ, 50/60 ಹರ್ಟ್ಸ್’ ಎಂದಿದ್ದರೆ ಮುಂದಿನ ಟೀಕೆಯ ಅಗತ್ಯವೇ ಇಲ್ಲ. ಪಿನ್ ಬದಲಿಸಿ ಹಾಕಿಕೊಳ್ಳಿ.

60 ಹರ್ಟ್ಸ್

ಯಾರೂ ಓದದ ಸಾಲು, ಟ್ರಾನ್ಸ್‌ಫಾರ್ಮರ್ ಬದಲಿಸಲಾಗದ ಸಾಲು. ಅಲ್ಲಿ ಕರೆಂಟು ಸೆಕೆಂಡಿಗೆ 60 ಸಲ ಆವರ್ತಿಸಿದರೆ ಇಲ್ಲಿ 50 ಸಲ. ವೋಲ್ಟೇಜ್ ಇಳಿಸಿ ಕೊಟ್ಟರೂ ಈ 50 ಹಾಗೇ ಒಳಗೆ ಬರುತ್ತದೆ.

ರಿಸೀವರ್‌ಗೆ ಇದರಿಂದ ಸಾಮಾನ್ಯವಾಗಿ ಪ್ರಾಣಾಪಾಯವಿಲ್ಲ. ಆದರೂ 120 ವೋಲ್ಟನ್ನೇ 50 ಹರ್ಟ್ಸಿನಲ್ಲಿ ಕೊಟ್ಟರೆ ತಿರುಳಿನ ಮೇಲೆ ಶೇ. 20ರಷ್ಟು ಹೆಚ್ಚು ಕಾಂತಭಾರ ಬೀಳುತ್ತದೆ. 60ಕ್ಕೆ ಮಾತ್ರ ಅಳೆದು ಮಾಡಿದ ಟ್ರಾನ್ಸ್‌ಫಾರ್ಮರ್ ಬಿಸಿಯಾಗಿ ಗುಂಯ್‌ಗುಡುತ್ತದೆ. ಆದ್ದರಿಂದ 120ರ ಬದಲು 110ಕ್ಕೆ ಇಳಿಸುವ ಸ್ಟೆಪ್ ಡೌನ್ ತರುವುದು ಜಾಣತನ. ಹೆಚ್ಚುವರಿ ಭಾರ ಅರ್ಧಕ್ಕಿಳಿಯುತ್ತದೆ.

ನಿಜವಾದ ಪೆಟ್ಟು ಬೀಳುವುದು ರಿಸೀವರ್‌ಗೆ ಜೋಡಿಸಿದ ಟರ್ನ್‌ಟೇಬಲ್‌ಗೆ. ಅದರ ಮೋಟಾರು ಎಸಿ ಸಿಂಕ್ರೊನಸ್ ಜಾತಿಯದಾಗಿದ್ದರೆ ಅದು ಹೆಜ್ಜೆ ಹಾಕುವುದೇ ಹರ್ಟ್ಸಿನ ತಾಳಕ್ಕೆ. ನಿಮಿಷಕ್ಕೆ 33⅓ ಸುತ್ತಬೇಕಾದ ತಟ್ಟೆ 28ಕ್ಕೂ ಕಡಿಮೆ ಸುತ್ತುತ್ತದೆ. ಇಪ್ಪತ್ತು ನಿಮಿಷದ ಬದಿ 24 ನಿಮಿಷ ಎಳೆಯುತ್ತದೆ. ಶ್ರುತಿ ಹಾರ್ಮೋನಿಯಂನ ಕರಿ ಬಿಳಿ ಸೇರಿ ಮೂರು ಮನೆ, ತುಸು ಹೆಚ್ಚೇ, ಕೆಳಗಿಳಿಯುತ್ತದೆ. ಕರಿ ಒಂದರಲ್ಲಿ ಹಾಡಿದವರು ಕೆಳಗಿನ ಕರಿ ಐದನ್ನೂ ದಾಟಿ ಕೂರುತ್ತಾರೆ. ಮಲ್ಲಿಕಾರ್ಜುನ ಮನಸೂರರ ಎಲ್‌ಪಿ ಹಾಕಿದರೆ ದನಿ ಬೇರೆ ಯಾರದೋ ಎನಿಸುತ್ತದೆ, ಲಯ ಜಡವಾಗುತ್ತದೆ. ಮಾರಿದವನನ್ನು ಬೈಯುವ ಮುನ್ನ ಬೆನ್ನ ಮೇಲಿನ ಸಾಲು ಓದಿ.

ಪರಿಹಾರವಿದೆ. ಬೆಲ್ಟ್ ಡ್ರೈವ್ ತಯಾರಕರಲ್ಲಿ ಕೆಲವರು 50ಕ್ಕೊಂದು, 60ಕ್ಕೊಂದು ಅಳತೆಯ ಪುಲ್ಲಿ ಮಾಡುತ್ತಿದ್ದರು. ಸರಿಯಾದದ್ದು ಸಿಕ್ಕಿದರೆ ವೇಗ ಸರಿಹೋಗುತ್ತದೆ. ಡಿಸಿ ಮೋಟಾರಿನವು, ಕ್ವಾರ್ಟ್ಜ್ ಲಾಕಿನ ಡೈರೆಕ್ಟ್ ಡ್ರೈವ್‌ನವು ಹರ್ಟ್ಸಿನ ಹಂಗಿಲ್ಲದೆ ತಿರುಗುತ್ತವೆ. ಅವುಗಳಿಗೆ ಬೇಕಾಗಿರುವುದು ತಕ್ಕ ವೋಲ್ಟೇಜ್ ಮಾತ್ರ. ಪುಲ್ಲಿಯೂ ಸಿಗದ, ಸಿಂಕ್ರೊನಸ್ ಮೋಟಾರಿನ ಸಾಧಾರಣ ಟರ್ನ್‌ಟೇಬಲ್ಲನ್ನು ಹಡಗಿಗೆ ಹತ್ತಿಸುವುದು ದಂಡ. ಅಲ್ಲೇ ಮಾರಿ ಬನ್ನಿ.

ಮೈನ್ಸ್ ನೋಡಿ ನಡೆಯುವ ಹಳೆಯ ಟೈಮರ್ ಗಡಿಯಾರಗಳೂ ಇದೇ ಕಾರಣಕ್ಕೆ ಗಂಟೆಗೆ ಹತ್ತು ನಿಮಿಷ ಹಿಂದೆ ಬೀಳುತ್ತವೆ.

340 ಡಬ್ಲ್ಯು

ಇದು ಸೆಟ್ಟು ಗೋಡೆಯಿಂದ ಎಳೆಯುವ ವ್ಯಾಟ್. ಸ್ಪೀಕರಿಗೆ ಕೊಡುವ ವ್ಯಾಟ್ ಬೇರೆ. ಗರಿಷ್ಠ ಎಂದೂ ತಿಳಿಯಬೇಡಿ, ದನಿ ಪೂರ್ತಿ ಏರಿಸಿದರೆ ಇದನ್ನೂ ಮೀರಬಹುದು. ಅದಕ್ಕೇ 350 ವಿಎ ಟ್ರಾನ್ಸ್‌ಫಾರ್ಮರ್ ಸಾಲದು. 500 ವಿಎ ಕನಿಷ್ಠ, 750 ಇದ್ದರೆ ನೆಮ್ಮದಿ. ಅದನ್ನು ಟರ್ನ್‌ಟೇಬಲ್ ಪಕ್ಕ ಇಡಬೇಡಿ, ಅದರ ಗುಂಯ್ ಕಾರ್ಟ್ರಿಜ್‌ನೊಳಗೆ ಸೇರಿಕೊಳ್ಳುತ್ತದೆ.

ಎಸಿ ಔಟ್‌ಲೆಟ್ಸ್, 100 ಡಬ್ಲ್ಯು ಮ್ಯಾಕ್ಸ್

ಸಿಡಿ ಪ್ಲೇಯರ್, ಕ್ಯಾಸೆಟ್ ಡೆಕ್ ಚುಚ್ಚಲು ಹಿಂಬದಿಯಲ್ಲೇ ಕೊಟ್ಟ ಸಾಕೆಟ್ಟುಗಳು. ಒಳಗೆ ಬಂದ ವೋಲ್ಟೇಜೇ ಇಲ್ಲಿ ಹೊರಗೂ ಬರುತ್ತದೆ. ಸ್ಟೆಪ್ ಡೌನ್ ಮೂಲಕ ನಡೆಸಿದರೆ ಇದು ಅನುಕೂಲ: ಜೊತೆಗೆ ಬಂದ ಸಾಮಾನಿಗೂ 110 ಸಿಗುತ್ತದೆ, ಟ್ರಾನ್ಸ್‌ಫಾರ್ಮರಿನ ಲೆಕ್ಕಕ್ಕೆ ಅದನ್ನೂ ಕೂಡಿಸಿಕೊಂಡರಾಯಿತು. ಆದರೆ ಕೆಲವು ಸೆಟ್ಟುಗಳಲ್ಲಿ 120/220/240 ಎಂದು ತಿರುಗಿಸುವ ವೋಲ್ಟೇಜ್ ಸೆಲೆಕ್ಟರ್ ಇರುತ್ತದೆ. ಅಮೆರಿಕದ ಸೈನಿಕರ ಅಂಗಡಿಗಳಲ್ಲಿ ಮಾರಿದ ಜಪಾನಿ ಸೆಟ್ಟುಗಳು ಹೀಗಿರುತ್ತಿದ್ದವು. ಅದನ್ನು 240ಕ್ಕೆ ಇಟ್ಟು ನೇರ ಗೋಡೆಗೆ ಚುಚ್ಚಿದಿರೋ, ಬೆನ್ನಿನ ಸಾಕೆಟ್ಟಿನಲ್ಲೂ 230 ಬರುತ್ತದೆ. ರಿಸೀವರ್ ಬದುಕುತ್ತದೆ, ಅದಕ್ಕೆ ಚುಚ್ಚಿದ 120ರ ಸಿಡಿ ಪ್ಲೇಯರ್ ಸಾಯುತ್ತದೆ.

ಸ್ಪೀಕರ್ಸ್, 8–16 ಓಮ್ಸ್

ಇಲ್ಲಿ ದೇಶ ಕಾಲಗಳ ತಕರಾರಿಲ್ಲ. ಗೋಡೆಗೆ ಚುಚ್ಚದ ಸ್ಪೀಕರಿಗೆ ವೋಲ್ಟೇಜಿನ ಪ್ರಶ್ನೆಯೇ ಬರುವುದಿಲ್ಲ. ಒಂದೇ ಒಂದು ವಸ್ತು ತರುವಷ್ಟು ಜಾಗವಿದ್ದರೆ ಒಳ್ಳೆಯ ಸ್ಪೀಕರ್ ತನ್ನಿ, ಆಂಪ್ಲಿಫೈಯರ್ ಇಲ್ಲೇ ಕೊಳ್ಳಿ. ಸ್ವಂತ ಪವರ್ ಇರುವ ಸಬ್‌ವೂಫರ್ ಮಾತ್ರ ಈ ಮಾತಿಗೆ ಹೊರತು.

ಡು ನಾಟ್ ಓಪನ್

ತೆರೆಯಬೇಡಿ. ಕೆಲವು ಟ್ರಾನ್ಸ್‌ಫಾರ್ಮರ್‌ಗಳಲ್ಲಿ ಎರಡು ಪ್ರೈಮರಿ ಸುರುಳಿಗಳಿದ್ದು, ಒಂದರ ಹಿಂದೊಂದು ಜೋಡಿಸಿದರೆ ಸೆಟ್ಟು 240ಕ್ಕೆ ಸಿದ್ಧವಾಗುತ್ತದೆ ಎಂಬುದು ನಿಜ. ಅದು ಸರ್ವಿಸ್ ಮ್ಯಾನ್ಯುಯಲ್ ಓದಬಲ್ಲ ಮೆಕ್ಯಾನಿಕ್ಕಿನ ಕೆಲಸ. ಮಾಡಿಸಿದರೆ ಫ್ಯೂಸಿನ ಆಂಪಿಯರ್ ಅರ್ಧಕ್ಕಿಳಿಸಿದರೇ ಎಂದು ಕೇಳಲು ಮರೆಯಬೇಡಿ.

ಮೇಡ್ ಇನ್ ಜಪಾನ್

ಅಲ್ಲಿ ತಯಾರಾದದ್ದು, ಅಲ್ಲಿಗಾಗಿ ತಯಾರಾದದ್ದಲ್ಲ. ಜಪಾನಿನ ಮನೆಗಳಲ್ಲಿರುವುದು 100 ವೋಲ್ಟು. ಟೋಕಿಯೊ ಕಡೆ 50 ಹರ್ಟ್ಸ್, ಒಸಾಕಾ ಕಡೆ 60. ಹತ್ತೊಂಬತ್ತನೆಯ ಶತಮಾನದ ಕೊನೆಗೆ ಟೋಕಿಯೊ ಜರ್ಮನಿಯ ಜನರೇಟರ್ ತರಿಸಿತು, ಒಸಾಕಾ ಅಮೆರಿಕದ್ದನ್ನು. ಆ ಒಡಕು ಇಂದಿಗೂ ಉಳಿದಿದೆ. ಹಾಗಾಗಿ ಜಪಾನಿನೊಳಗೆ ಮಾರಿದ ಸೆಟ್ಟುಗಳ ಬೆನ್ನ ಮೇಲೆ ಸಾಮಾನ್ಯವಾಗಿ 50/60 ಎಂದೇ ಇರುತ್ತದೆ, ಹರ್ಟ್ಸಿನ ತಲೆನೋವು ಕಡಿಮೆ. ವೋಲ್ಟಿನದು ಹೆಚ್ಚು: ಅಮೆರಿಕದ ಸಾಮಾನಿಗೆಂದು ಮಾಡಿದ 120ರ ಟ್ರಾನ್ಸ್‌ಫಾರ್ಮರ್ ಇವಕ್ಕೆ ಶೇ. 20ರಷ್ಟು ಜಾಸ್ತಿ ಉಣಿಸುತ್ತದೆ. ಟೋಕಿಯೊದಿಂದ ಮರಳುವವರು ಅಂಗಡಿಯವನು ‘ಎರಡೂ ಒಂದೇ ಸಾರ್’ ಎಂದರೆ ಒಪ್ಪಬೇಡಿ. 230ರಿಂದ 100ಕ್ಕೆ ಇಳಿಸುವುದನ್ನೇ ವೈಂಡಿಂಗ್ ಮಾಡಿಸಿಕೊಳ್ಳಿ.